ಡಾ. ಜಾರ್ಜ್ ಪ್ಯಾಪನಿಕೊಲಾವು (1883–1962): ಪ್ಯಾಪ್ ಪರೀಕ್ಷೆಯ ಜನಕ

ಗರ್ಭಕಂಠದ ಕ್ಯಾನ್ಸರನ್ನು ಪೂರ್ವಾವಸ್ಥೆಯಲ್ಲಿಯೇ ಗುರುತಿಸುವ ಮಾರ್ಗವನ್ನು ತೋರಿಸಿಕೊಟ್ಟವರಲ್ಲಿ ಡಾ. ಜಾರ್ಜ್ ಪ್ಯಾಪನಿಕೊಲಾವು ಅಗ್ರಗಣ್ಯರು. ಪ್ಯಾಪ್ ಪರೀಕ್ಷೆಗೆ ಅವರ ಹೆಸರಿನಿಂದಲೇ ಈ ಹೆಸರು ಬಂದಿದೆ.

ಜನನ ಮತ್ತು ವಿದ್ಯಾಭ್ಯಾಸ

ಇವರು 1883ರ ಮೇ 13ರಂದು ಗ್ರೀಸ್ ದೇಶದ ಕೀಮಿ ಎಂಬಲ್ಲಿ ವೈದ್ಯರೊಬ್ಬರ ಮಗನಾಗಿ ಜನಿಸಿದರು. 1904ರಲ್ಲಿ ಅಥೆನ್ಸ್‌ನಲ್ಲಿ ವೈದ್ಯಕೀಯ ಪದವಿಯನ್ನೂ 1910ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. 1913ರಲ್ಲಿ ಪತ್ನಿ ಮೇರಿ ಅವರೊಡನೆ ಅಮೆರಿಕೆಗೆ ತೆರಳಿದರು. ಆರಂಭದಲ್ಲಿ ಜೀವನೋಪಾಯಕ್ಕಾಗಿ ಇವರು ಅಂಗಡಿಯೊಂದರಲ್ಲಿ ರತ್ನಗಂಬಳಿ ಮಾರಿದರೆ, ಪತ್ನಿ ಗುಂಡಿ ಹೊಲಿಯುವ ಕೆಲಸ ಮಾಡಿದರು. ತರುವಾಯ ನ್ಯೂಯಾರ್ಕ್‌ನ ಕಾರ್ನೆಲ್ ವೈದ್ಯಕೀಯ ಕಾಲೇಜನ್ನು ಸೇರಿ ದಶಕಗಳ ಕಾಲ ಸೇವೆ ಸಲ್ಲಿಸಿದರು.

ಸಂಶೋಧನೆ

ಗಿನಿಯಿಲಿಗಳ ಯೋನಿಸ್ರಾವದ ಕೋಶಗಳು ಋತುಚಕ್ರಕ್ಕನುಗುಣವಾಗಿ ಬದಲಾಗುತ್ತವೆಂಬುದನ್ನು 1917ರಲ್ಲಿ ಸಹೋದ್ಯೋಗಿ ಸ್ಟಾಕರ್ಡ್ ಅವರೊಡನೆ ಪ್ರಕಟಿಸಿದರು. ಈ ಅಧ್ಯಯನವನ್ನು ಸ್ತ್ರೀಯರಿಗೆ ವಿಸ್ತರಿಸಿದಾಗ ಮೇರಿಯವರು ಅನೇಕ ವರ್ಷಗಳ ಕಾಲ ತಮ್ಮ ಮಾದರಿಗಳನ್ನು ನೀಡಿ ಸಹಕರಿಸಿದರು. ಕ್ಯಾನ್ಸರ್ ಪೀಡಿತರ ಸ್ರಾವದಲ್ಲಿ ವಿಕೃತ ಕೋಶಗಳಿರುವುದನ್ನು 1928ರಲ್ಲಿ ಸಮ್ಮೇಳನವೊಂದರಲ್ಲಿ ಮಂಡಿಸಿದಾಗ ತಜ್ಞರು ಹೆಚ್ಚಿನ ಆಸಕ್ತಿ ತೋರಲಿಲ್ಲ. ರೊಮೇನಿಯಾದ ಆರೆಲ್ ಬಾಬೆಶ್ ಅವರೂ ಅದೇ ಕಾಲದಲ್ಲಿ ಸ್ವತಂತ್ರವಾಗಿ ಇಂತಹ ಶೋಧ ನಡೆಸಿದ್ದರು. ಎದೆಗುಂದದ ಪ್ಯಾಪನಿಕೊಲಾವು ಸ್ತ್ರೀರೋಗ ತಜ್ಞ ಹರ್ಬರ್ಟ್ ಟ್ರಾಟ್ ಅವರೊಡನೆ 1941ರಲ್ಲಿ ಪ್ರಬಂಧವನ್ನೂ 1943ರಲ್ಲಿ ಗ್ರಂಥವನ್ನೂ ಹೊರತಂದರು. ಆ ಬಳಿಕ ಈ ಪರೀಕ್ಷೆಯು ಎಲ್ಲೆಡೆ ಬಳಕೆಗೆ ಬಂದಿತು. ಇವರು 1962ರ ಫೆಬ್ರವರಿ 19ರಂದು ನಿಧನರಾದರು.

ಪರೀಕ್ಷೆಯ ಮಹತ್ವ

ಗರ್ಭಕಂಠದ ಕೋಶಗಳು ಕ್ಯಾನ್ಸರ್ ಆಗಿ ಮಾರ್ಪಡಲು ಸಾಮಾನ್ಯವಾಗಿ ಹಲವು ವರ್ಷಗಳು ಬೇಕು. ಈ ಅವಧಿಯಲ್ಲಿ ಯಾವುದೇ ನೋವಾಗಲಿ ಲಕ್ಷಣವಾಗಲಿ ಇರದಿರಬಹುದು. ಆಗಲೇ ದೋಷ ಪತ್ತೆಯಾದಲ್ಲಿ ಸರಳ ಚಿಕಿತ್ಸೆಯಿಂದ ಕ್ಯಾನ್ಸರನ್ನು ತಡೆಯಬಹುದು. ಈ ರೋಗಕ್ಕೆ ಹ್ಯೂಮನ್ ಪ್ಯಾಪಿಲೋಮಾ ವೈರಾಣು ಕಾರಣವೆಂದು ತಿಳಿದ ನಂತರ, ವೈರಾಣುವನ್ನೂ ಕೋಶಗಳಲ್ಲಿನ ಸೂಚಕ ಪ್ರೋಟೀನುಗಳನ್ನೂ ಗುರುತಿಸುವ ಪರೀಕ್ಷೆಗಳು ರೂಪುಗೊಂಡಿವೆ.

ಸಾರ್ವಜನಿಕರ ಗಮನಕ್ಕೆ

ಪ್ಯಾಪ್ ಪರೀಕ್ಷೆಗೆ ಪ್ರಯೋಗಾಲಯ ಹಾಗೂ ನುರಿತ ತಜ್ಞರು ಅವಶ್ಯಕ. ಗ್ರಾಮೀಣ ಪ್ರದೇಶಗಳಿಗೆ ಅನುಕೂಲವಾಗುವಂತೆ, ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ದ್ರಾವಣ ಲೇಪಿಸಿ ಬರಿಗಣ್ಣಿನಿಂದ ನೋಡುವ ಪರೀಕ್ಷೆಯನ್ನು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯು 30 ರಿಂದ 65 ವರ್ಷದ ಮಹಿಳೆಯರಿಗೆ 5 ವರ್ಷಗಳಿಗೊಮ್ಮೆ ಸೂಚಿಸಿದೆ. ಇದರ ಫಲಿತಾಂಶ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಮಹಿಳೆಯರು ಸಂಕೋಚ ತೊರೆದು, ಆಶಾ ಕಾರ್ಯಕರ್ತೆಯರಲ್ಲಿ ಅಥವಾ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆಯ ಬಗ್ಗೆ ವಿಚಾರಿಸಿ ಇದರ ಸದುಪಯೋಗ ಪಡೆದುಕೊಳ್ಳುವುದು. ಮುಟ್ಟು ನಿಂತ ನಂತರದ ರಕ್ತಸ್ರಾವ ಅಥವಾ ದುರ್ವಾಸನೆಯ ಬಿಳಿಸ್ರಾವ ಕಂಡುಬಂದಲ್ಲಿ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.