ಕಬ್ಬಾಳದ ಬಂಡೆಯನ್ನು ಓದಿದ ಪಿಚ್ಚಮುತ್ತು

ಪವಿತ್ರ ಕುರ್‌ಆನಿನ ಫಾತಿರ್ ಅಧ್ಯಾಯವು ಬೆಟ್ಟಗಳಲ್ಲಿ ಕಾಣುವ ಬಣ್ಣಬಣ್ಣದ ಪಟ್ಟೆಗಳತ್ತ ನಮ್ಮ ಗಮನ ಸೆಳೆಯುತ್ತದೆ. ಓದಿ ಮುಂದೆ ಹೋಗುವ ನಾವು ಬೆಟ್ಟದ ಎದುರು ನಿಂತಾಗ ಆ ಪಟ್ಟೆಗಳನ್ನು ಗಮನಿಸುವುದು ಕಡಿಮೆ. ನಮ್ಮ ರಾಜ್ಯದ ಒಂದು ಬೆಟ್ಟದ ಬುಡದಲ್ಲಿ ಅಂಥ ಕಪ್ಪು ಪಟ್ಟೆಗಳನ್ನು ಗಮನಿಸಿ, ಭೂಮಿಯ ಆಳದಲ್ಲಿ ಶಿಲೆ ಹೇಗೆ ಬದಲಾಗುತ್ತದೆ ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವರು ಭೂವಿಜ್ಞಾನಿ ಚಾರ್ಲ್ಸ್ ಸಾಲೊಮನ್ ಪಿಚ್ಚಮುತ್ತು.

1900ರಲ್ಲಿ ಹುಟ್ಟಿದ ಪಿಚ್ಚಮುತ್ತು ಅವರು ಅಂದು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದರು. ಮುಂದೆ ಮೈಸೂರು ಭೂವಿಜ್ಞಾನ ಇಲಾಖೆಯ ನಿರ್ದೇಶಕರೂ ಆದರು. ಪಾಠ ಮಾಡುತ್ತಲೇ ಅವರು ಬೆಟ್ಟಗುಡ್ಡ ಸುತ್ತಿದರು. ಬಾಬಾಬುಡನ್ ಗಿರಿಶ್ರೇಣಿಯ ಶಿಲೆಗಳನ್ನೂ ಕಲ್‌ದುರ್ಗದ ಗುಂಡುಕಲ್ಲಿನ ಶಿಲೆಗಳನ್ನೂ ಅಭ್ಯಾಸ ಮಾಡಿ ಬರೆದರು. ಆದರೆ ಅವರನ್ನು ಬಹುಕಾಲ ಕಾಡಿದ್ದು ಬೇರೊಂದು ಕಲ್ಲು. ಅದರ ಹೆಸರು ಚಾರ್ನೊಕೈಟ್.

ಈ ಹೆಸರಿನ ಹಿಂದೆ ಒಂದು ಸಮಾಧಿಯಿದೆ. ಕೊಲ್ಕತ್ತದಲ್ಲಿರುವ ಜಾಬ್ ಚಾರ್ನಾಕ್‌ನ ಗೋರಿಕಲ್ಲನ್ನು ಪರೀಕ್ಷಿಸಿದ ಥಾಮಸ್ ಹಾಲೆಂಡ್ ಎಂಬ ಬ್ರಿಟಿಷ್ ವಿಜ್ಞಾನಿ 1893ರಲ್ಲಿ ಅದಕ್ಕೆ ಈ ಹೆಸರು ಕೊಟ್ಟರು. ಅದೇ ಜಾತಿಯ ಕಲ್ಲು ಚೆನ್ನೈ ಬಳಿಯ ಪಲ್ಲಾವರದಲ್ಲಿದೆ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ, ನೀಲಗಿರಿಯಲ್ಲಿ ಹೇರಳವಾಗಿದೆ. ಹಸಿರು ಬೆರೆತ ಕಪ್ಪು ಬಣ್ಣ, ಎಣ್ಣೆ ಸವರಿದಂಥ ಹೊಳಪು ಇದರ ಗುರುತು. ಕರಗಿದ ಶಿಲಾರಸ ತಣಿದು ಆದ ಅಗ್ನಿಶಿಲೆ ಇದು ಎಂಬುದು ಹಾಲೆಂಡ್ ಅವರ ಅಭಿಪ್ರಾಯ. ಅಲ್ಲ, ಮೊದಲೇ ಇದ್ದ ಶಿಲೆ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಹೀಗೆ ಮಾರ್ಪಟ್ಟಿದೆ, ಇದು ರೂಪಾಂತರ ಶಿಲೆ ಎಂದು ಇನ್ನು ಕೆಲವರು ವಾದಿಸಿದರು. ವಾದ ಅರ್ಧ ಶತಮಾನ ನಡೆದರೂ ಇತ್ಯರ್ಥವಾಗಲಿಲ್ಲ. 1953ರಲ್ಲಿ ಪಿಚ್ಚಮುತ್ತು ಅವರು ಈ ಸಮಸ್ಯೆಯ ಬಗ್ಗೆಯೇ ಒಂದು ಪುಸ್ತಕ ಹೊರತಂದು, ಎಲ್ಲರ ವಾದಗಳನ್ನೂ ಒಂದೆಡೆ ಸೇರಿಸಿ ತೂಗಿ ನೋಡಿದರು.

ಉತ್ತರ ಸಿಕ್ಕಿದ್ದು ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗದಲ್ಲಿ. ಕಬ್ಬಾಳಮ್ಮನ ಜಾತ್ರೆಗೆ ಹೆಸರಾದ, ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಸೆರೆಮನೆಯಾಗಿದ್ದ ಬೆಟ್ಟ ಅದು. ಅಲ್ಲಿನ ಕಲ್ಲುಕ್ವಾರಿಯಲ್ಲಿ ಬೂದುಬಣ್ಣದ ನೈಸ್ ಶಿಲೆ ಬಿಳಿ ಕಪ್ಪು ಗೆರೆಗಳೊಂದಿಗೆ ತೆರೆದುಕೊಂಡಿದೆ. ಆ ಬೂದು ಬಂಡೆಯ ನಡುವೆಯೇ ಅಲ್ಲಲ್ಲಿ ಚಾರ್ನೊಕೈಟ್‌ನ ಕಡುಬಣ್ಣದ ತೇಪೆಗಳೂ ಪಟ್ಟೆಗಳೂ ಹರಡಿಕೊಂಡಿದ್ದವು. ಪಟ್ಟೆಗಳು ನೈಸ್‌ನ ಗೆರೆಗಳನ್ನು ಅಡ್ಡಹಾಯ್ದಿದ್ದರೂ, ಆ ಹಳೆಯ ಗೆರೆಗಳು ಕಪ್ಪು ಭಾಗದೊಳಗೂ ಮಸುಕಾಗಿ ಮುಂದುವರಿದಿದ್ದವು. ಹೊರಗಿನಿಂದ ಶಿಲಾರಸ ನುಗ್ಗಿ ಬಂದಿದ್ದರೆ ಗೆರೆಗಳು ಅಲ್ಲಿಗೇ ಕಡಿದುಹೋಗಬೇಕಿತ್ತು. ಹಾಗಾಗಿರಲಿಲ್ಲ. ಅಂದರೆ ನೈಸ್ ತಾನಿದ್ದ ಜಾಗದಲ್ಲೇ ಚಾರ್ನೊಕೈಟ್ ಆಗಿತ್ತು. ಬದಲಾವಣೆ ಅರ್ಧಕ್ಕೆ ನಿಂತು ಹಾಗೆಯೇ ಉಳಿದಿತ್ತು. 1960ರಲ್ಲಿ ಈ ಸಂಗತಿ ಅವರ ಹೆಸರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಅವರ ವಯಸ್ಸು ಅರವತ್ತು.

ಅವರು ಅಲ್ಲಿಗೆ ನಿಲ್ಲಲಿಲ್ಲ. ಆಗಿನ ಮೈಸೂರು ರಾಜ್ಯದ ಉತ್ತರದಿಂದ ದಕ್ಷಿಣಕ್ಕೆ ಬಂದಂತೆ ಶಿಲೆಗಳ ರೂಪಾಂತರ ಹಂತಹಂತವಾಗಿ ಹೆಚ್ಚುತ್ತದೆ ಎಂದು 1965ರಲ್ಲಿ ವಿವರಿಸಿದರು. ಉತ್ತರದಲ್ಲಿ ಕಡಿಮೆ ಶಾಖ ಕಂಡ ಶಿಲೆಗಳಿವೆ, ದಕ್ಷಿಣದ ಅಂಚಿನಲ್ಲಿ ಚಾರ್ನೊಕೈಟ್ ಬೆಟ್ಟಗಳಿವೆ. ಇದರರ್ಥ, ದಕ್ಷಿಣದಲ್ಲಿ ಭೂಮಿಯ ಮೇಲ್ಭಾಗ ಹೆಚ್ಚು ಸವೆದು, ಒಂದು ಕಾಲದಲ್ಲಿ ಬಹಳ ಆಳದಲ್ಲಿದ್ದ ಶಿಲೆ ಇಂದು ನಮ್ಮ ಕಾಲ ಕೆಳಗೆ ಬಂದಿದೆ. ಕಬ್ಬಾಳದ ಚಾರ್ನೊಕೈಟ್ ಆದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ, 700 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ, ಸುಮಾರು 20 ಕಿಲೋಮೀಟರ್ ಆಳದಲ್ಲಿ.

ಹಾಗಾದರೆ ಬೂದುಕಲ್ಲು ಕಪ್ಪಾಗಿದ್ದು ಏಕೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ನಮ್ಮ ಮಾನಸಗಂಗೋತ್ರಿಯ ಎ.ಎಸ್. ಜನಾರ್ದನ್ ಒಬ್ಬರು. 1979ರಲ್ಲಿ ಅವರು ಅಮೆರಿಕದ ನ್ಯೂಟನ್ ಮತ್ತು ಸ್ಮಿತ್ ಜೊತೆಗೂಡಿ 'ನೇಚರ್' ಪತ್ರಿಕೆಯಲ್ಲಿಯೇ ಉತ್ತರ ಬರೆದರು. ನೈಸ್‌ನಲ್ಲಿರುವ ಕಪ್ಪು ಅಭ್ರಕದಂಥ ಖನಿಜಗಳ ರಚನೆಯಲ್ಲಿ ನೀರಿನ ಅಂಶ ಸೇರಿರುತ್ತದೆ. ಆಳದಿಂದ ಕಾರ್ಬನ್ ಡೈಆಕ್ಸೈಡ್ ತುಂಬಿದ ಅನಿಲದ್ರವ ಬಿರುಕುಗಳ ಮೂಲಕ ಮೇಲೇರಿ ಆ ನೀರನ್ನು ಹೊರಗಟ್ಟಿತು. ನೀರು ಕಳೆದುಕೊಂಡ ಖನಿಜಗಳು ಪೈರಾಕ್ಸೀನ್ ಎಂಬ ಹೊಸ ಖನಿಜವಾದವು. ತಮ್ಮ ಬಂಡೆಯ ಮೇಲೆ ಮುಂದಿನ ಪೀಳಿಗೆ ಹೊಸ ಮಾತು ಬರೆದಾಗ ಪಿಚ್ಚಮುತ್ತು ಅವರು ಇನ್ನೂ ಇದ್ದರು.

ಸಂಶೋಧನೆ ಕೆಲವರ ಸೊತ್ತಾಗಬಾರದು ಎಂಬಂತೆ ಅವರು ಜನಸಾಮಾನ್ಯರಿಗೂ ಬರೆದರು. ಭಾರತದ ಪ್ರಾಕೃತಿಕ ಭೂಗೋಳ ಕುರಿತ ಅವರ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1967ರಲ್ಲಿ ಪ್ರಕಟಿಸಿತು. 1958ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. 1990ರಲ್ಲಿ ಅವರು ತೀರಿಕೊಂಡರು.

ಹಾಲೆಂಡ್ ಕೊಟ್ಟ ಹೆಸರು ಇಂದಿಗೂ ಉಳಿದಿದೆ, ಆದರೆ ಅವರ ವಿವರಣೆ ಎಲ್ಲ ಚಾರ್ನೊಕೈಟ್‌ಗೂ ಒಪ್ಪುವುದಿಲ್ಲ ಎಂದು ಕಬ್ಬಾಳ ತೋರಿಸಿತು. ದೊಡ್ಡವರು ಹೇಳಿದ್ದನ್ನು ಗೌರವಿಸಿ, ಆದರೂ ಕಲ್ಲಿನ ಹತ್ತಿರ ಹೋಗಿ ತಾವೇ ನೋಡುವುದು ಪಿಚ್ಚಮುತ್ತು ಅವರ ರೀತಿ. ಅವರಿಗೆ ಉತ್ತರ ದೊರೆತದ್ದು ಅರವತ್ತನೆಯ ವಯಸ್ಸಿನಲ್ಲಿ, ಕಲ್ಲು ಒಡೆಯುವ ಒಂದು ಕ್ವಾರಿಯಲ್ಲಿ. ಪಿಯುಸಿಯ ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆಯಾಯಿತೆಂದು ವಿಜ್ಞಾನವೇ ಬೇಡ ಎನ್ನುವ ಗೆಳೆಯ ಗೆಳತಿಯರು ಇದನ್ನು ಒಮ್ಮೆ ನೆನೆಯಲಿ.