ಜಗತ್ತಿನ ಗಡ್ಡ ತೆಗೆಸಿದ ಸೇಲ್ಸ್‌ಮನ್

ನಮ್ಮ ಮನೆಯಲ್ಲಿ ಬೆಳಿಗ್ಗೆ ಆರೂವರೆಗೆ ಬಚ್ಚಲ ಹತ್ತಿರದ ಕನ್ನಡಿಯ ಮುಂದೆ ಬೇರೆ ಯಾರೂ ನಿಲ್ಲುವಂತಿಲ್ಲ. ಅದು ಅಬ್ಬಾ ಗಡ್ಡ ಬೋಳಿಸುವ ಹೊತ್ತು. ಅಬ್ಬಾ ಸೇಲ್ಸ್‌ಮನ್. ಬಿಸ್ಕತ್ತಿನ ಆರ್ಡರ್ ಬುಕ್ ಹಿಡಿದು ದಿನವಿಡೀ ಅಂಗಡಿಯಿಂದ ಅಂಗಡಿಗೆ ಸುತ್ತುತ್ತಾರೆ. ಶರ್ಟಿಗೆ ಇಸ್ತ್ರಿ ಆಗಿರಬೇಕು, ಮುಖ ನುಣ್ಣಗಿರಬೇಕು ಎಂಬುದು ಅವರ ಕೆಲಸದ ನಿಯಮ. ಆದರೆ ಅವರ ಕತ್ತಿನ ಚರ್ಮ ಬೇಗ ಕೆಂಪಾಗಿ ಸಣ್ಣ ಗುಳ್ಳೆ ಏಳುತ್ತದೆ. ಅದಕ್ಕೇ ಶೇವಿಂಗ್‌ಗೆ ಅವರು ಇಟ್ಟಿರುವ ಹೆಸರು ಜುರ್ಮಾನೆ, ಅಂದರೆ ದಂಡ. ಭಾನುವಾರ ಒಂದು ದಿನ ದಂಡ ಮಾಫಿ. ಬಿಳಿ ಗಡ್ಡದ ನಮ್ಮ ದಾದಾ ಮಾತ್ರ ಈ ತಾಪತ್ರಯವಿಲ್ಲದೆ ಆ ಹೊತ್ತಿಗೆ ಹಾಯಾಗಿ ಚಹಾ ಕುಡಿಯುತ್ತಿರುತ್ತಾರೆ.

ಕಳೆದ ವರ್ಷ ಕಾಲೇಜಿನ ವಾರ್ಷಿಕೋತ್ಸವದ ಬೆಳಿಗ್ಗೆ ನಾನೂ ಕದ್ದು ಅಬ್ಬಾನ ರೇಜರ್ ಹಿಡಿದೆ. ಮೂಗಿನ ಕೆಳಗೆ ಗಾಯವಾಯಿತು. ಆ ದಿನ ತೆಗೆದ ಗ್ರೂಪ್ ಫೋಟೋದಲ್ಲಿ ನನ್ನ ಮುಖಕ್ಕೆ ಅಂಟಿಸಿದ ಪಟ್ಟಿ ಈಗಲೂ ಕಾಣುತ್ತದೆ, ಬೇಕಾದವರು ನೋಡಬಹುದು.

ಇದಾದ ಕೆಲವು ತಿಂಗಳಿಗೆ ಬಿಸಿನೆಸ್ ಸ್ಟಡೀಸ್ ತರಗತಿಯಲ್ಲಿ ಮಾರ್ಕೆಟಿಂಗ್ ಪಾಠ ನಡೆಯುವಾಗ ಜಿಲೆಟ್ ಉದಾಹರಣೆ ಬಂತು. ರೇಜರನ್ನು ಅಗ್ಗಕ್ಕೆ ಕೊಡು, ಬ್ಲೇಡಿನಲ್ಲಿ ಲಾಭ ಮಾಡು ಎಂಬ ಉಪಾಯ ಅವರದೇ ಎಂದು ಕೇಳಿದೆ. ನನಗೆ ಕೋಪ ಬಂತು. ಅಬ್ಬಾಗೆ ದಂಡ ಹಾಕಿದವರು ಇವರೇ ಇರಬೇಕು ಅಂದುಕೊಂಡು ಅವರ ಜೀವನಚರಿತ್ರೆ ಹುಡುಕಿ ಓದಿದೆ.

ಪೂರ್ತಿ ಹೆಸರು ಕಿಂಗ್ ಕ್ಯಾಂಪ್ ಜಿಲೆಟ್. ಕಿಂಗ್ ಅನ್ನುವುದು ಬಿರುದಲ್ಲ, ಹೆಸರೇ ಹಾಗೆ. 1855ರ ಜನವರಿ 5ರಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿದರು, ಷಿಕಾಗೋದಲ್ಲಿ ಬೆಳೆದರು. 1871ರಲ್ಲಿ ಆ ಊರನ್ನೇ ಸುಟ್ಟ ದೊಡ್ಡ ಬೆಂಕಿಯಲ್ಲಿ ಅವರ ತಂದೆಯ ಹಾರ್ಡ್‌ವೇರ್ ವ್ಯಾಪಾರವೂ ಹೋಯಿತು. ಹುಡುಗನಿಗೆ ಆಗ 16 ವರ್ಷ. ಮುಂದೆ ಓದಲಿಲ್ಲ, ದುಡಿಯಲು ಹೋದರು. ಮಾಡಿದ ಕೆಲಸ ಏನು ಗೊತ್ತೇ? ಊರೂರು ಸುತ್ತುವ ಸೇಲ್ಸ್‌ಮನ್! ಒಂದೆರಡು ವರ್ಷವಲ್ಲ, ನಲವತ್ತು ದಾಟುವವರೆಗೂ ಅದೇ ಕೆಲಸ. ಇಲ್ಲಿಗೆ ಬಂದಾಗ ನನ್ನ ಕೋಪ ಅರ್ಧ ಇಳಿಯಿತು.

ಇವರ ತಾಯಿ ಫ್ಯಾನಿ ಜಿಲೆಟ್ ಬರೆದ ಅಡುಗೆ ಪುಸ್ತಕ 1887ರಲ್ಲಿ ಬಂದು ಎಷ್ಟೋ ವರ್ಷ ಚೆನ್ನಾಗಿ ಮಾರಾಟವಾಯಿತು. ಹೊಸದೇನಾದರೂ ಮಾಡಬೇಕೆಂಬ ಹಟ ಆ ಮನೆಯಲ್ಲೇ ಇತ್ತು ಅನಿಸುತ್ತದೆ. ಮಗನೂ ಸಣ್ಣಪುಟ್ಟ ಪೇಟೆಂಟು ಪಡೆದಿದ್ದರು, ಅವುಗಳಿಂದ ದುಡ್ಡು ಮಾತ್ರ ಬರಲಿಲ್ಲ.

1890ರ ದಶಕದಲ್ಲಿ ಅವರು ವಿಲಿಯಂ ಪೇಂಟರ್ ಎಂಬವರ ಕಂಪನಿಗೆ ಸೇರಿದರು. ನಾವು ಕೂಲ್ ಡ್ರಿಂಕ್ಸ್ ಬಾಟಲಿಯಿಂದ ಓಪನರ್ ಹಾಕಿ ಎಬ್ಬಿಸುತ್ತೇವಲ್ಲ, ಅಂಚಿಗೆ ಹಲ್ಲಿರುವ ತಗಡಿನ ಮುಚ್ಚಳ, ಅದನ್ನು ಕಂಡುಹಿಡಿದವರು ಈ ಪೇಂಟರ್. ಆ ಮುಚ್ಚಳ ಒಮ್ಮೆ ತೆಗೆದರೆ ಕಸ. ಹೊಸ ಬಾಟಲಿಗೆ ಹೊಸ ಮುಚ್ಚಳ ಬೇಕು. ಹೀಗೆ ಬಳಸಿ ಬಿಸಾಡುವ ವಸ್ತು ಏನಾದರೂ ಯೋಚಿಸು, ಗಿರಾಕಿ ತಾನಾಗಿ ಮತ್ತೆ ಬರುತ್ತಾನೆ ಎಂದು ಪೇಂಟರ್ ತಮ್ಮ ಸೇಲ್ಸ್‌ಮನ್‌ಗೆ ಬುದ್ಧಿ ಹೇಳಿದರು. ಜಿಲೆಟ್ ಈ ಮಾತನ್ನು ತಲೆಯಲ್ಲಿ ಇಟ್ಟುಕೊಂಡೇ ತಿರುಗಿದರು.

ಆ ಕಾಲದಲ್ಲಿ ಗಂಡಸರು ಗಡ್ಡ ತೆಗೆಯುತ್ತಿದ್ದ ರೀತಿಯನ್ನೂ ಹೇಳಬೇಕು. ಉದ್ದನೆಯ ಮಡಿಸುವ ಕತ್ತಿ, ನಮ್ಮ ಮನೆಮಾತಿನಲ್ಲಿ ಉಸ್ತರಾ. ಪ್ರತಿ ಸಲವೂ ಅದನ್ನು ಚರ್ಮದ ಪಟ್ಟಿಯ ಮೇಲೆ ಉಜ್ಜಬೇಕು, ಆಗಾಗ ಸಾಣೆ ಹಿಡಿಯಬೇಕು. ಕೈ ಸ್ವಲ್ಪ ಜಾರಿದರೆ ರಕ್ತ. ರೈಲಿನಲ್ಲಿ ತಿರುಗುವ ಸೇಲ್ಸ್‌ಮನ್‌ಗೆ ಇದು ಎಂಥ ಕಷ್ಟ ಯೋಚಿಸಿ. ಹೀಗಾಗಿ ಬಹಳ ಜನ ದಿನವೂ ಬೋಳಿಸುತ್ತಲೇ ಇರಲಿಲ್ಲ. ವಾರಕ್ಕೆ ಒಂದೆರಡು ಸಲ ಕ್ಷೌರಿಕನ ಹತ್ತಿರ ಹೋಗುತ್ತಿದ್ದರು, ಇಲ್ಲವೇ ಗಡ್ಡ ಬಿಡುತ್ತಿದ್ದರು. ಕತ್ತಿಗೆ ರಕ್ಷಣೆ ಇರುವ ಸೇಫ್ಟಿ ರೇಜರ್ ಜಿಲೆಟ್‌ಗಿಂತ ಮೊದಲೇ ಇತ್ತು. 1880ರಲ್ಲೇ ಕ್ಯಾಂಫೆ ಸಹೋದರರು ಅದನ್ನು ಅಮೆರಿಕದಲ್ಲಿ ಮಾಡಿದ್ದರು. ಆದರೆ ಅದರ ಅಲಗನ್ನೂ ತೆಗೆದು ಹರಿತ ಮಾಡಲೇಬೇಕಿತ್ತು.

1895ರ ಒಂದು ಬೆಳಿಗ್ಗೆ ಬಾಸ್ಟನ್ ಹತ್ತಿರದ ಬ್ರೂಕ್‌ಲೈನ್‌ನಲ್ಲಿ ಜಿಲೆಟ್ ಕನ್ನಡಿ ಮುಂದೆ ನಿಂತಾಗ ಕತ್ತಿ ಮೊಂಡಾಗಿತ್ತು. ಪಟ್ಟಿಗೆ ಉಜ್ಜಿದರೆ ಸರಿಹೋಗುವಷ್ಟು ಮೊಂಡಲ್ಲ, ಸಾಣೆಗೇ ಕೊಡಬೇಕು. ಆ ಸಿಟ್ಟಿನಲ್ಲಿ ಹೊಳೆಯಿತು: ಕತ್ತರಿಸುವುದು ಅಂಚು ಮಾತ್ರ, ಹಾಗಿದ್ದರೆ ಅಷ್ಟು ದಪ್ಪ ಕಬ್ಬಿಣ ಯಾಕೆ? ತೆಳ್ಳನೆಯ ಉಕ್ಕಿನ ತುಂಡಿಗೆ ಎರಡೂ ಕಡೆ ಹರಿತ ಮಾಡಿ, ಹಿಡಿಯಲ್ಲಿ ಸಿಕ್ಕಿಸಿ, ಮೊಂಡಾದ ಮೇಲೆ ಎಸೆದರೆ ಆಯಿತು.

ಹೊಳೆದದ್ದು ಒಂದು ಬೆಳಿಗ್ಗೆ, ಕೈಗೂಡಲು ಎಂಟು ವರ್ಷ. ಅಷ್ಟು ತೆಳುವಾದ ಉಕ್ಕನ್ನು ಗಟ್ಟಿ ಮಾಡಿ ಹರಿತ ನಿಲ್ಲಿಸುವುದು ಸಾಧ್ಯವಿಲ್ಲ ಎಂದು ತಿಳಿದವರು ಹೇಳಿದರು. ಕೊನೆಗೆ ವಿಲಿಯಂ ನಿಕರ್‌ಸನ್ ಎಂಬ ಎಂಜಿನಿಯರ್ ಅದರ ದಾರಿ ಕಂಡುಕೊಂಡರು. ಬ್ಲೇಡಿನ ಕೀರ್ತಿಯಲ್ಲಿ ಅರ್ಧ ಇವರಿಗೆ ಸಲ್ಲಬೇಕು ಎಂದು ನನ್ನ ಅಭಿಪ್ರಾಯ, ಆದರೆ ಹೆಸರು ಉಳಿದದ್ದು ಸೇಲ್ಸ್‌ಮನ್‌ದು. 1901ರಲ್ಲಿ ಕಂಪನಿ ಆಯಿತು. 1903ರಲ್ಲಿ ಮಾರಾಟ ಶುರುವಾದಾಗ ಇಡೀ ವರ್ಷಕ್ಕೆ ಹೋದದ್ದು 51 ರೇಜರ್, 168 ಬ್ಲೇಡ್. ನಮ್ಮ ಬೀದಿಯ ಅಂಗಡಿಯೂ ಇದಕ್ಕಿಂತ ಹೆಚ್ಚು ಮಾರುತ್ತದೆ! ಮರುವರ್ಷ ರೇಜರ್ ಸಂಖ್ಯೆ 90 ಸಾವಿರ ದಾಟಿತು. 1904ರ ನವೆಂಬರ್ 15ರಂದು ಪೇಟೆಂಟೂ ಸಿಕ್ಕಿತು.

ಕಾಮರ್ಸ್ ಗೆಳೆಯರು ಇಲ್ಲಿ ಗಮನಿಸಿ. ರೇಜರ್ ಅಗ್ಗವಾಗಿರಲಿಲ್ಲ. ಬೆಲೆ 5 ಡಾಲರ್. ಸಾಮಾನ್ಯ ಕೆಲಸಗಾರನ ಅರ್ಧ ವಾರದ ಸಂಬಳ ಅದಕ್ಕೇ ಬೇಕಿತ್ತು. ಪೇಟೆಂಟ್ ಇದ್ದ 17 ವರ್ಷವೂ ಕಂಪನಿ ಆ ಬೆಲೆ ಬಿಟ್ಟುಕೊಡಲಿಲ್ಲ. 1921ರಲ್ಲಿ ಪೇಟೆಂಟ್ ಮುಗಿದು ಬೇರೆಯವರೂ ಅಂಥದ್ದೇ ರೇಜರ್ ಮಾಡಬಹುದು ಅಂದಾಗಲೇ ಹಳೆಯ ಮಾದರಿಯ ಬೆಲೆ ಇಳಿಸಿದ್ದು. ಅಗ್ಗದ ರೇಜರ್ ಉಪಾಯ ಅವರು ಮೊದಲೇ ಹೂಡಿದ್ದಲ್ಲ, ಪೈಪೋಟಿ ಬಂದ ಮೇಲೆ ಒದಗಿದ್ದು. ಪರೀಕ್ಷೆಯಲ್ಲಿ ಏನು ಬರೆಯಬೇಕೋ ನೀವೇ ನೋಡಿಕೊಳ್ಳಿ.

ದಿನವೂ ಬೋಳಿಸುವುದನ್ನು ರೂಢಿ ಮಾಡಿಸಿದ್ದರಲ್ಲಿ ಯುದ್ಧದ ಪಾಲು ದೊಡ್ಡದು. ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಸರ್ಕಾರ ಸೈನಿಕರಿಗಾಗಿ ಸುಮಾರು 35 ಲಕ್ಷ ಜಿಲೆಟ್ ರೇಜರುಗಳನ್ನೂ 3 ಕೋಟಿಗೂ ಹೆಚ್ಚು ಬ್ಲೇಡುಗಳನ್ನೂ ಕೊಂಡಿತು. ವಿಷಾನಿಲ ತಡೆಯುವ ಮುಖವಾಡ ಗಡ್ಡವಿದ್ದರೆ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ. ಆ ಹುಡುಗರು ರೇಜರ್ ಜೊತೆಗೆ ಅಭ್ಯಾಸವನ್ನೂ ಮನೆಗೆ ತಂದರು. ನನಗೆ ವಿಚಿತ್ರ ಅನಿಸುವುದು ಇದು. ಉಸ್ತರಾ ಕಾಲದಲ್ಲಿ ನಾಲ್ಕು ದಿನದ ಗಡ್ಡ ಇದ್ದರೆ ಯಾರೂ ಕಾರಣ ಕೇಳುತ್ತಿರಲಿಲ್ಲ, ಕಷ್ಟ ಎಲ್ಲರಿಗೂ ಗೊತ್ತಿತ್ತು. ಐದು ನಿಮಿಷದ ಕೆಲಸ ಆದ ಮೇಲೆ ಬೋಳಿಸದೆ ಬಂದವನು ಸೋಮಾರಿ ಆದ. ಬೇಸರ ತಪ್ಪಿಸಲು ಮಾಡಿದ ವಸ್ತುವಿನಿಂದಲೇ ಅದು ದಿನದ ಬೇಸರವಾಯಿತು.

ಜಿಲೆಟ್‌ಗೆ ಇನ್ನೊಂದು ಮುಖವಿತ್ತು. ಬ್ಲೇಡಿಗಿಂತ ಮೊದಲೇ, 1894ರಲ್ಲಿ, ಒಂದು ಪುಸ್ತಕ ಬರೆದಿದ್ದರು. ವ್ಯಾಪಾರದ ಪೈಪೋಟಿಯೇ ಬಡತನಕ್ಕೂ ಅನ್ಯಾಯಕ್ಕೂ ಮೂಲ, ಆದ್ದರಿಂದ ಜನರೆಲ್ಲ ಒಡೆಯರಾಗಿರುವ ಒಂದೇ ಕಂಪನಿ ಇರಬೇಕು, ನಯಾಗರ ಜಲಪಾತದ ವಿದ್ಯುತ್ತಿನಿಂದ ನಡೆಯುವ ಒಂದು ಮಹಾನಗರದಲ್ಲಿ ಕೋಟಿಗಟ್ಟಲೆ ಜನ ಒಟ್ಟಿಗೆ ಬಾಳಬೇಕು ಎಂದು ಅದರ ವಾದ. ಶ್ರೀಮಂತರಾದ ಮೇಲೂ ಬಿಡಲಿಲ್ಲ. 1910ರಲ್ಲಿ ಇಂಥ ಕಂಪನಿಗೆ ಅಧ್ಯಕ್ಷರಾಗಿ ಎಂದು ಮಾಜಿ ರಾಷ್ಟ್ರಾಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ 10 ಲಕ್ಷ ಡಾಲರ್ ಕೊಡಲು ಮುಂದಾದರು, ಅವರು ಒಪ್ಪಲಿಲ್ಲ. 1924ರಲ್ಲಿ ಅದೇ ವಿಷಯದ ಮತ್ತೊಂದು ಪುಸ್ತಕ ತಂದರು. ಪೈಪೋಟಿ ಬೇಡ ಅನ್ನುವವರು ಪೇಟೆಂಟಿನ ಬಲದಿಂದ 5 ಡಾಲರ್ ಬೆಲೆ ಕಾಯ್ದುಕೊಂಡರು! ಇವೆರಡನ್ನೂ ಒಬ್ಬರೇ ಮನುಷ್ಯ ಹೇಗೆ ಜೊತೆಗೆ ಇಟ್ಟುಕೊಂಡರೋ, ನನಗೆ ಇನ್ನೂ ಬಿಡಿಸಲಾಗಿಲ್ಲ.

ಕೊನೆಯ ದಿನಗಳು ಚೆನ್ನಾಗಿರಲಿಲ್ಲ. ಕಂಪನಿಯ ನಿಜವಾದ ಅಧಿಕಾರ ಬೇರೆಯವರ ಕೈಗೆ ಹೋಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಜಮೀನಿಗೆ ಹಾಕಿದ ಹಣ, ಷೇರಿನ ಬೆಲೆ, ಎಲ್ಲವೂ 1929ರ ಕುಸಿತದ ನಂತರ ಕರಗಿತು. 1931ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟರು. 1932ರ ಜುಲೈ 9ರಂದು, 77ನೇ ವಯಸ್ಸಿನಲ್ಲಿ ತೀರಿಕೊಂಡಾಗ ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ಬ್ಲೇಡಿನ ಕಾಗದದ ಮೇಲೆ ಅವರದೇ ಚಿತ್ರ ಅಚ್ಚಾಗುತ್ತಿತ್ತು, ಅದರಿಂದ ಪರದೇಶಗಳಲ್ಲೂ ಜನ ಅವರ ಮುಖ ಬಲ್ಲವರಾಗಿದ್ದರು. ಆ ಚಿತ್ರವನ್ನು ಅಬ್ಬಾಗೆ ಮೊಬೈಲಿನಲ್ಲಿ ತೋರಿಸಿದೆ. ಅಬ್ಬಾ ಕನ್ನಡಕ ಹಾಕಿಕೊಂಡು ನೋಡಿ ಜೋರಾಗಿ ನಕ್ಕರು. ಜಗತ್ತಿಗೆಲ್ಲ ರೇಜರ್ ಮಾರಿದ ಆ ಸೇಲ್ಸ್‌ಮನ್‌ಗೆ ದಪ್ಪನೆಯ ಮೀಸೆ ಇದೆ.

ಎರಡು ವಾರದಿಂದ ಅಬ್ಬಾನೂ ಮೀಸೆ ಬಿಟ್ಟಿದ್ದಾರೆ. ಮಾಲೀಕರು ಇನ್ನೂ ಏನೂ ಅಂದಿಲ್ಲ. ಗಡ್ಡ ಬಿಡು, ಮೀಸೆ ಸಣ್ಣಗಿರಲಿ ಎಂದು ಇಷ್ಟು ವರ್ಷ ಹೇಳಿದರೆ ಮಗ ಪೂರಾ ಉಲ್ಟಾ ಮಾಡಿದನಲ್ಲ ಎಂದು ದಾದಾ ಮಾತ್ರ ದಿನವೂ ಚಹಾ ಹೊತ್ತಿಗೆ ಗೊಣಗುತ್ತಾರೆ.