ಮೀಸೆ ಹೊತ್ತ ತಾಯಿ ಗಿಜುಭಾಯಿ

ವಕೀಲಿ ಬಿಟ್ಟು ಪುಟಾಣಿಗಳ ನಡುವೆ ಕುಳಿತ ಬಧೇಕಾ ಅವರ ಬದುಕು

ಗುಜರಾತಿನ ಮನೆಗಳಲ್ಲಿ ‘ಮೂಛಾಳಿ ಮಾ’ ಎಂದರೆ ಯಾರೆಂದು ವಿವರಿಸಿ ಹೇಳಬೇಕಾಗಿಲ್ಲ. ಮೀಸೆಯುಳ್ಳ ತಾಯಿ ಎಂಬುದು ಆ ಮಾತಿನ ಅರ್ಥ. ದಪ್ಪ ಮೀಸೆಯ, ಗಂಭೀರ ಮುಖದ ಆ ವ್ಯಕ್ತಿ ನ್ಯಾಯಾಲಯದಲ್ಲಿ ವಾದ ಮಂಡಿಸುವ ವಕೀಲರಾಗಿದ್ದವರು. ಆದರೆ ನಾಡು ಅವರನ್ನು ನೆನಪಿನಲ್ಲಿಟ್ಟುಕೊಂಡಿರುವುದು ಕಥೆ ಹೇಳುವ, ಹಾಡು ಹಾಡಿಸುವ, ಅಂಗಿಯ ಗುಂಡಿ ಹಾಕಿಕೊಳ್ಳಲು ಪರದಾಡುವ ಮಗುವಿನೆದುರು ತಾಳ್ಮೆಯಿಂದ ಕಾದು ಕೂರುವ ಮೇಷ್ಟರಾಗಿ. ಗಿಜುಭಾಯಿ ಬಧೇಕಾ ಅವರು ಬದುಕಿದ್ದು ಐವತ್ತಮೂರು ವರ್ಷ ಮಾತ್ರ. ಅದರಲ್ಲಿ ಚಿಕ್ಕ ಮಕ್ಕಳ ಜೊತೆ ಕಳೆದದ್ದು ಎರಡು ದಶಕಗಳಿಗೂ ಕಡಿಮೆ. ಆ ಅಲ್ಪಾವಧಿಯಲ್ಲೇ ಶಾಲೆಯೆಂದರೆ ಹೆದರಿಕೆಯ ತಾಣ ಎಂಬ ನಂಬಿಕೆಯನ್ನು ಅಲುಗಾಡಿಸಿದ ಹಿರಿಮೆ ಅವರದು.

ಕಪ್ಪು ಕೋಟಿನಿಂದ ಮಕ್ಕಳ ಕಡೆಗೆ

ಗಿರಿಜಾಶಂಕರ ಭಗವಾನ್‌ಜಿ ಬಧೇಕಾ ಅವರು ಹುಟ್ಟಿದ್ದು 1885ರ ನವೆಂಬರ್ 15ರಂದು, ಸೌರಾಷ್ಟ್ರದ ಅಮ್ರೇಲಿ ಬಳಿಯ ಚಿತಲ್ ಎಂಬ ಊರಿನಲ್ಲಿ. ಗಿಜುಭಾಯಿ ಎಂಬುದು ಬಳಕೆಯ ಹೆಸರು. ಮುಂದೆ ಅದೇ ಉಳಿಯಿತು. ಭಾವನಗರದಲ್ಲಿ ಕಾಲೇಜು ಸೇರಿದರಾದರೂ ಓದನ್ನು ಅರ್ಧಕ್ಕೆ ಬಿಟ್ಟು, ಆ ಕಾಲದ ಅನೇಕ ಗುಜರಾತಿ ಯುವಕರಂತೆ 1907ರಲ್ಲಿ ದುಡಿಮೆಗಾಗಿ ಪೂರ್ವ ಆಫ್ರಿಕಕ್ಕೆ ತೆರಳಿದರು. ಅಲ್ಲಿ ಇಂಗ್ಲಿಷ್ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ದೊರೆಯಿತು. ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಬೇಕೆಂಬ ಪಾಠವನ್ನು ಅವರು ಕಲಿತದ್ದು ಆ ಪರದೇಶದ ದಿನಗಳಲ್ಲಿ. ಮುಂದೆ ನಾಲ್ಕು ವರ್ಷದ ಮಕ್ಕಳ ಕೈಗೆ ಪೊರಕೆ, ನೀರಿನ ತಂಬಿಗೆಗಳನ್ನು ಕೊಟ್ಟಾಗ ಆ ಪಾಠವೇ ಕೆಲಸಕ್ಕೆ ಬಂತು.

1909ರಲ್ಲಿ ತಾಯ್ನಾಡಿಗೆ ಮರಳಿದ ಗಿಜುಭಾಯಿ ಮುಂಬಯಿಯಲ್ಲಿ ಕಾನೂನು ಓದಿದರು. ಬಳಿಕ ವಢವಾಣದಲ್ಲಿ ವಕೀಲಿ ಆರಂಭಿಸಿದರು. ಕೈತುಂಬ ಕೆಲಸವಿತ್ತು, ಹೆಸರೂ ಬರತೊಡಗಿತ್ತು. ಇಂಥ ಹೊತ್ತಿನಲ್ಲಿ, 1913ರಲ್ಲಿ, ಮಗ ನರೇಂದ್ರ ಹುಟ್ಟಿದ. ಎಲ್ಲ ತಂದೆಯರಿಗೂ ಎದುರಾಗುವ ಪ್ರಶ್ನೆ ಗಿಜುಭಾಯಿಯವರಿಗೂ ಎದುರಾಯಿತು. ಈ ಮಗುವನ್ನು ಯಾವ ಶಾಲೆಗೆ ಸೇರಿಸುವುದು?

ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರ ಸುಲಭದ್ದಾಗಿರಲಿಲ್ಲ. ಅಂದಿನ ಪ್ರಾಥಮಿಕ ಶಾಲೆಯೆಂದರೆ ಬಾಯಿಪಾಠ, ಮಗ್ಗಿ, ಬೆತ್ತ. ದಂಡಂ ದಶಗುಣಂ ಎಂಬ ನಂಬಿಕೆ ನಮ್ಮಲ್ಲಿ ಇದ್ದಂತೆ ಅಲ್ಲಿಯೂ ಬೇರೂರಿತ್ತು. ಸ್ವತಃ ಅಂಥ ಶಾಲೆಗಳಲ್ಲೇ ಕಲಿತಿದ್ದ ಗಿಜುಭಾಯಿಯವರಿಗೆ ಮಗನನ್ನು ಮತ್ತೆ ಅಲ್ಲಿಗೇ ಕಳಿಸಲು ಮನಸ್ಸು ಒಪ್ಪಲಿಲ್ಲ. ಬರೋಡಾ ಸಂಸ್ಥಾನದಲ್ಲಿ ಗ್ರಂಥಾಲಯ ಚಳವಳಿ ಕಟ್ಟಿದ ಮೋತಿಭಾಯಿ ಅಮೀನ್ ಅವರ ಒಡನಾಟದಿಂದ ಇಟಲಿಯ ಮರಿಯಾ ಮಾಂಟೆಸ್ಸರಿ ಅವರ ವಿಚಾರಗಳು ಪರಿಚಯವಾದವು. ಆಕೆ ವೈದ್ಯೆ, 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ತೆರೆದಿದ್ದರು. ಮಗು ಹೊಡೆತಕ್ಕೆ ಹೆದರಿ ಕಲಿಯುವುದಿಲ್ಲ, ಸರಿಯಾದ ಸಾಮಗ್ರಿ ಮತ್ತು ಸ್ವಾತಂತ್ರ್ಯ ದೊರೆತರೆ ತಾನಾಗಿಯೇ ಕಲಿಯುತ್ತದೆ ಎಂಬುದು ಆಕೆಯ ಪ್ರತಿಪಾದನೆ. ವಕೀಲರಾಗಿದ್ದ ಗಿಜುಭಾಯಿಯವರಿಗೆ ಇದು ಸಾಕ್ಷ್ಯಾಧಾರವುಳ್ಳ ವಾದವೆಂದು ತೋರಿತು.

ಬೆಟ್ಟದ ಮೇಲಿನ ಬಾಲಮಂದಿರ

ಭಾವನಗರದಲ್ಲಿ ನಾನಾಭಾಯಿ ಭಟ್ಟರು 1910ರಲ್ಲಿ ಸ್ಥಾಪಿಸಿದ್ದ ದಕ್ಷಿಣಾಮೂರ್ತಿ ಎಂಬ ವಿದ್ಯಾಸಂಸ್ಥೆಯಿತ್ತು. 1916ರಲ್ಲಿ ಗಿಜುಭಾಯಿ ವಕೀಲಿಗೆ ಶರಣು ಹೊಡೆದು ಆ ಸಂಸ್ಥೆ ಸೇರಿದರು. ಸಂಪಾದನೆಯ ದಾರಿ ಬಿಟ್ಟು ಮೇಷ್ಟರ ಅಲ್ಪ ವೇತನಕ್ಕೆ ಒಪ್ಪಿಕೊಳ್ಳುವುದು ಸಂಸಾರಸ್ಥನಿಗೆ ಸಣ್ಣ ನಿರ್ಧಾರವಾಗಿರಲಿಲ್ಲ. ಆರಂಭದಲ್ಲಿ ಅವರ ಪಾಲಿಗೆ ಬಂದದ್ದು ಪ್ರೌಢಶಾಲೆ. ಅಲ್ಲಿ ಕೆಲವು ವರ್ಷ ದುಡಿದ ಮೇಲೆ ಅವರಿಗೊಂದು ಸತ್ಯ ಗೋಚರಿಸಿತು. ಹದಿಹರೆಯಕ್ಕೆ ಬರುವಷ್ಟರಲ್ಲಿ ಮಕ್ಕಳಲ್ಲಿ ಹೆದರಿಕೆ, ಅನುಕರಣೆ, ಅಂಕದ ಆಸೆ ಎಲ್ಲವೂ ಗಟ್ಟಿಯಾಗಿ ಕೂತಿರುತ್ತವೆ. ಗಿಡವನ್ನು ಬಗ್ಗಿಸುವುದಲ್ಲ, ಮೊಳಕೆಗೆ ನೀರೆರೆಯುವುದೇ ನಿಜವಾದ ಕೆಲಸ ಎಂದು ಅವರು ತೀರ್ಮಾನಿಸಿದರು.

1920ರ ಆಗಸ್ಟ್‌ನಲ್ಲಿ ಎರಡೂವರೆ ವರ್ಷದಿಂದ ಆರು ವರ್ಷದೊಳಗಿನ ಮಕ್ಕಳಿಗಾಗಿ ಬಾಲಮಂದಿರ ಆರಂಭವಾಯಿತು. 1922ರಲ್ಲಿ ತಖ್ತೇಶ್ವರ ದೇವಾಲಯದ ಸಮೀಪದ ಗುಡ್ಡದ ಮೇಲೆ ಅದಕ್ಕೆ ಸ್ವಂತ ಕಟ್ಟಡವಾಯಿತು. ಉದ್ಘಾಟಿಸಿದವರು ಕಸ್ತೂರಬಾ ಗಾಂಧಿ. ಮಕ್ಕಳು ಸಾಲಾಗಿ ಕೈಕಟ್ಟಿ ಕೂರುವ ಬದಲು ಅಲ್ಲಿ ಚಾಪೆ ಹಾಸಿಕೊಂಡು ತಮಗಿಷ್ಟವಾದ ಕೆಲಸ ಹಿಡಿಯುತ್ತಿದ್ದರು. ನೀರನ್ನು ಚೆಲ್ಲದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವುದು, ನೆಲ ಗುಡಿಸುವುದು, ಗುಂಡಿ ಹಾಕುವುದು, ಮರದ ತುಂಡುಗಳನ್ನು ಅಳತೆಗೆ ತಕ್ಕಂತೆ ಜೋಡಿಸುವುದು, ಅಕ್ಷರದ ಆಕಾರವನ್ನು ಬೆರಳಿನಿಂದ ಸವರಿ ಗುರುತಿಸುವುದು, ಇವೇ ಅಲ್ಲಿನ ಪಾಠಗಳು.

ಹೊರಗಿನಿಂದ ನೋಡಿದವರಿಗೆ ಇದರಲ್ಲಿ ವಿದ್ಯೆ ಎಲ್ಲಿದೆ ಎಂಬ ಸಂಶಯ ಬರುವುದು ಸಹಜ. ಪುಟಾಣಿಗಳಿಗೆ ಪಾಠ ಹೇಳಿದ ಅನುಭವವಿರುವವರಿಗೆ ಮಾತ್ರ ಗೊತ್ತು, ಅಲ್ಲಿನ ಸಂತೋಷಗಳೆಲ್ಲ ಇಷ್ಟೇ ಸಣ್ಣವು. ನಿನ್ನೆಯವರೆಗೆ ಅಮ್ಮನ ಸೆರಗು ಬಿಡದ ಮಗು ಇಂದು ಬಾಗಿಲಲ್ಲೇ ಕೈಬೀಸಿ ಓಡಿ ಬರುತ್ತದೆ. ಹತ್ತು ಸಲ ಬಿದ್ದ ಗೋಪುರ ಹನ್ನೊಂದನೆಯ ಸಲ ನಿಂತಾಗ ಕಣ್ಣರಳಿಸಿ ಸುತ್ತ ನೋಡುತ್ತದೆ. ಮೂಕನಂತಿದ್ದ ಹುಡುಗ ಒಂದು ಬೆಳಗ್ಗೆ ಹಾಡಿನ ಕೊನೆಯ ಸಾಲಿಗೆ ದನಿಗೂಡಿಸುತ್ತಾನೆ. ಗಿಜುಭಾಯಿ ಈ ಗಳಿಗೆಗಳನ್ನು ಕಾದು ಕುಳಿತು ನೋಡಿದರು; ನೋಡಿದ್ದನ್ನು ಬರೆದಿಟ್ಟರು. ಮಗುವಿನ ದಿನಚರಿಯನ್ನು ಗಮನಿಸಿ ದಾಖಲಿಸುವುದು ಶಿಕ್ಷಕರ ಮೊದಲ ಕರ್ತವ್ಯ ಎಂದು ಅವರು ಭಾವಿಸಿದ್ದರು.

ಕಥೆಯೆಂಬ ಕೀಲಿಕೈ

ಮಾಂಟೆಸ್ಸರಿಯವರನ್ನು ಗುರುವೆಂದು ಒಪ್ಪಿದರೂ ಗಿಜುಭಾಯಿ ಕುರುಡು ಅನುಯಾಯಿಯಾಗಲಿಲ್ಲ. ತೀರ ಚಿಕ್ಕ ಮಕ್ಕಳಿಗೆ ಕಲ್ಪನೆಯ ಕಥೆಗಳನ್ನು ಹೇಳುವ ವಿಷಯದಲ್ಲಿ ಮಾಂಟೆಸ್ಸರಿಯವರಿಗೆ ಅನುಮಾನವಿತ್ತು. ಗಿಜುಭಾಯಿಯವರಿಗಾದರೋ ಕಥೆಯೇ ಶಾಲೆಯ ಜೀವ. ಅಜ್ಜಿಯರ ಬಾಯಲ್ಲಿದ್ದ ಜನಪದ ಕಥೆಗಳನ್ನು ಆಯ್ದು, ಮಕ್ಕಳು ಬಾಯಿಬಿಟ್ಟು ಕೇಳುವಂಥ ಪುಟ್ಟ ವಾಕ್ಯಗಳಲ್ಲಿ ಮರುರೂಪಿಸಿದರು. ಕಾಗೆ, ಗುಬ್ಬಿ, ಇಲಿ, ಮುದುಕಿ, ರಾಜ ಎಲ್ಲರೂ ಅಲ್ಲಿದ್ದರು. ಮತ್ತೆ ಮತ್ತೆ ಬರುವ ಸಾಲುಗಳನ್ನು ಮಕ್ಕಳೇ ಮುಂದಾಗಿ ಹೇಳುತ್ತಿದ್ದರು. ಕಥೆ ಹೇಳುವ ಕಲೆಯ ಬಗ್ಗೆಯೇ 1925ರಲ್ಲಿ ಒಂದು ಶಾಸ್ತ್ರಗ್ರಂಥ ಬರೆದರು. ದುಬಾರಿ ಸಾಮಗ್ರಿಗಳ ಜೊತೆಗೆ ಕಲ್ಲು, ಎಲೆ, ಜೇಡಿಮಣ್ಣು, ಲೋಕಗೀತೆ, ನಾಟಕಗಳೂ ಬಾಲಮಂದಿರಕ್ಕೆ ಬಂದವು. ವಿದೇಶದ ಪದ್ಧತಿ ಸೌರಾಷ್ಟ್ರದ ಮಣ್ಣಿಗೆ ಒಗ್ಗಿದ್ದು ಹೀಗೆ.

ರಾಜಕೋಟೆಯ ಮಹಿಳಾ ತರಬೇತಿ ಕಾಲೇಜಿನ ಪ್ರಾಂಶುಪಾಲ ಹುದ್ದೆಯಲ್ಲಿದ್ದ ತಾರಾಬಾಯಿ ಮೋಡಕ್ ಅವರು 1920ರ ದಶಕದ ಆರಂಭದಲ್ಲಿ ಆ ಕೆಲಸ ಬಿಟ್ಟು ಗಿಜುಭಾಯಿಯವರ ಜೊತೆಗೂಡಿದರು. ಇಬ್ಬರೂ ಸೇರಿ ಶಿಕ್ಷಕರ ತರಬೇತಿ ಕೇಂದ್ರ ನಡೆಸಿದರು, ಶಿಕ್ಷಣ ಪತ್ರಿಕೆ ಹೊರತಂದರು, 1926ರಲ್ಲಿ ನೂತನ ಬಾಲಶಿಕ್ಷಣ ಸಂಘವನ್ನು ಕಟ್ಟಿದರು. ತಂದೆತಾಯಿಯರಾಗುವುದು ಎಷ್ಟು ಕಠಿಣ ಎಂಬುದನ್ನು ಕುರಿತೇ ಗಿಜುಭಾಯಿ ಒಂದು ಪುಸ್ತಕ ಬರೆದರು. ಮನೆಯಲ್ಲಿ ಗದರಿಕೆ, ಶಾಲೆಯಲ್ಲಿ ಪ್ರೀತಿ ಎಂದಾದರೆ ಮಗು ಎರಡು ದೋಣಿಯಲ್ಲಿ ಕಾಲಿಟ್ಟಂತಾಗುತ್ತದೆ ಎಂಬ ಎಚ್ಚರ ಅವರಿಗಿತ್ತು. 1929ರಲ್ಲಿ ಗುಜರಾತಿ ಸಾಹಿತ್ಯದ ಪ್ರತಿಷ್ಠಿತ ರಣಜಿತರಾಮ್ ಸುವರ್ಣ ಚಂದ್ರಕ ಅವರಿಗೆ ಸಂದಿತು. ಮಕ್ಕಳಿಗಾಗಿ ಬರೆದದ್ದೂ ಸಾಹಿತ್ಯವೇ ಎಂಬುದಕ್ಕೆ ಅದು ಮುದ್ರೆಯೊತ್ತಿತು.

ಒಂದು ಹಗಲುಗನಸು

ಗಿಜುಭಾಯಿಯವರ ಹೆಸರನ್ನು ಗುಜರಾತಿನಾಚೆಗೆ ಕೊಂಡೊಯ್ದ ಕೃತಿ ‘ದಿವಾಸ್ವಪ್ನ’. 1930ರ ದಶಕದ ಆರಂಭದಲ್ಲಿ ಬೆಳಕು ಕಂಡ ಈ ಪುಸ್ತಕ ಮುಂದೆ ಹಲವು ಭಾರತೀಯ ಭಾಷೆಗಳಿಗೆ ಅನುವಾದವಾಯಿತು. ಇದರ ಹಿಂದೆ ಒಂದು ಪ್ರಾಮಾಣಿಕ ಸವಾಲಿದೆ. ಗುಡ್ಡದ ಮೇಲಿನ ಬಾಲಮಂದಿರದಲ್ಲಿ ಸಾಮಗ್ರಿಯಿದೆ, ತರಬೇತಾದ ಶಿಕ್ಷಕರಿದ್ದಾರೆ, ಒಪ್ಪಿ ಕಳಿಸಿದ ಪೋಷಕರಿದ್ದಾರೆ. ಆದರೆ ಕಿಕ್ಕಿರಿದ ಸಾಮಾನ್ಯ ಶಾಲೆಯಲ್ಲಿ, ಪಠ್ಯಕ್ರಮ ಮತ್ತು ಪರೀಕ್ಷೆಗಳ ನಡುವೆ ಇದೆಲ್ಲ ಸಾಧ್ಯವೇ?

ಉತ್ತರಕ್ಕಾಗಿ ಗಿಜುಭಾಯಿ ಕಥೆಯ ರೂಪ ಹಿಡಿದರು. ಶಿಕ್ಷಣಾಧಿಕಾರಿಯ ಅನುಮತಿ ಪಡೆದ ಉತ್ಸಾಹಿ ಶಿಕ್ಷಕನೊಬ್ಬ ಸಾಧಾರಣ ಪ್ರಾಥಮಿಕ ಶಾಲೆಯ ನಾಲ್ಕನೆಯ ತರಗತಿಗೆ ಒಂದು ವರ್ಷದ ಪ್ರಯೋಗಕ್ಕಾಗಿ ಬರುತ್ತಾನೆ. ಮೊದಲ ದಿನವೇ ಮುಗ್ಗರಿಸುತ್ತಾನೆ. ಮಕ್ಕಳಿಗೆ ಮೌನದ ಆಟ ಆಡಿಸಹೋದರೆ ಅವರು ಬೆಕ್ಕಿನಂತೆ ಕೂಗುತ್ತಾರೆ, ನಗುತ್ತಾರೆ, ಗದ್ದಲವೆಬ್ಬಿಸುತ್ತಾರೆ. ಪುಸ್ತಕದಲ್ಲಿ ಓದಿದ್ದು ಬೇರೆ, ಎದುರಿಗಿರುವ ಮಕ್ಕಳು ಬೇರೆ ಎಂದು ಅವನಿಗೆ ಅರಿವಾಗುತ್ತದೆ. ಮರುದಿನ ಅವನು ಕಥೆ ಶುರು ಮಾಡುತ್ತಾನೆ. ಗಲಾಟೆ ತಾನಾಗಿ ಅಡಗುತ್ತದೆ. ಕಥೆ ಮುಂದುವರಿಯಬೇಕೆಂಬ ಆಸೆಗೆ ಮಕ್ಕಳು ಹಾಜರಿಯ ಹೊತ್ತಿನಲ್ಲೂ ಸುಮ್ಮನಿರುತ್ತಾರೆ.

ಅಲ್ಲಿಂದ ಮುಂದೆ ಪಠ್ಯಪುಸ್ತಕಕ್ಕೆಂದು ತಂದ ಹಣದಲ್ಲಿ ತರಗತಿಯ ಗ್ರಂಥಾಲಯ ಹುಟ್ಟುತ್ತದೆ. ಆಟಗಳು ಬರುತ್ತವೆ, ಜಗಳಗಳೂ ಬರುತ್ತವೆ. ಉಗುರು, ಕೂದಲು, ಬಟ್ಟೆಗಳ ಶುಚಿತ್ವ ಪಾಠದಷ್ಟೇ ಮುಖ್ಯವಾಗುತ್ತದೆ. ಹಳ್ಳದ ದಂಡೆಯ ತಿರುಗಾಟ, ಅಂತ್ಯಾಕ್ಷರಿ, ನಾಟಕಗಳ ನಡುವೆ ವ್ಯಾಕರಣವೂ ಇತಿಹಾಸವೂ ಮಕ್ಕಳ ತಲೆಗೆ ಇಳಿಯುತ್ತವೆ. ಸಹೋದ್ಯೋಗಿಗಳು ನಗುತ್ತಾರೆ, ಮುಖ್ಯೋಪಾಧ್ಯಾಯರು ಗೊಣಗುತ್ತಾರೆ, ಪೋಷಕರು ಮಗು ಓದುವುದು ಯಾವಾಗ ಎಂದು ಕೇಳುತ್ತಾರೆ. ವರ್ಷದ ಕೊನೆಗೆ ಅಧಿಕಾರಿಯೂ ಒಪ್ಪುವಂತೆ ಮಕ್ಕಳು ಬದಲಾಗಿರುತ್ತಾರೆ.

ಈ ಪುಸ್ತಕದ ಸೊಗಸಿರುವುದು ಗೆಲುವಿನಲ್ಲಲ್ಲ, ಸೋಲನ್ನು ಮುಚ್ಚಿಡದಿರುವುದರಲ್ಲಿ. ಪ್ರಾಥಮಿಕ ಶಾಲೆಯ ಶಿಕ್ಷಕರು ಯಾರೇ ಓದಿದರೂ ಆ ಮೊದಲ ದಿನದ ಪೇಚಿನಲ್ಲಿ ತಮ್ಮನ್ನೇ ಕಾಣುತ್ತಾರೆ.

ಕೊನೆಯ ವರ್ಷಗಳು

1930ರ ಸತ್ಯಾಗ್ರಹದ ದಿನಗಳಲ್ಲಿ ಗಿಜುಭಾಯಿ ಶಾಲೆಯ ಗೋಡೆಯಿಂದಾಚೆಗೂ ಬಂದರು. ಊರು ತೊರೆದು ಶಿಬಿರಗಳಲ್ಲಿದ್ದ ರೈತ ಕುಟುಂಬಗಳ ನಡುವೆ ಕೆಲಸ ಮಾಡಿದರು. ವಯಸ್ಕರಿಗೆ ಅಕ್ಷರ ಕಲಿಸುವ ಯೋಜನೆಯತ್ತಲೂ ಮನಸ್ಸು ಹರಿಯಿತು. ಇತ್ತ 1932ರಲ್ಲಿ ತಾರಾಬಾಯಿ ಭಾವನಗರ ಬಿಟ್ಟರು. 1936ರಲ್ಲಿ ಗಿಜುಭಾಯಿಯವರೂ ದಕ್ಷಿಣಾಮೂರ್ತಿಯಿಂದ ಹೊರಬಂದರು. ಇಪ್ಪತ್ತು ವರ್ಷ ತನುಮನಗಳನ್ನು ತೆತ್ತು ಬೆಳೆಸಿದ ಅಂಗಳದಿಂದ ಎದ್ದು ನಡೆಯುವುದು ಸುಲಭವಾಗಿರಲಾರದು. ಆದರೂ ಅವರು ಸುಮ್ಮನೆ ಕೂರಲಿಲ್ಲ. ರಾಜಕೋಟೆಯಲ್ಲಿ ಮತ್ತೆ ಶಿಕ್ಷಕರ ತರಬೇತಿ ಆರಂಭಿಸಿದರು. ಒಳ್ಳೆಯ ಶಿಕ್ಷಕರಿಲ್ಲದೆ ಯಾವ ಪದ್ಧತಿಯೂ ಬಾಳದು ಎಂಬುದು ಅವರ ಅನುಭವದ ಸಾರವಾಗಿತ್ತು.

ದುಡಿಮೆಯಿಂದ ದೇಹ ಬಳಲಿತ್ತು. 1939ರ ಜೂನ್ 23ರಂದು ಮುಂಬಯಿಯಲ್ಲಿ ಗಿಜುಭಾಯಿ ಕೊನೆಯುಸಿರೆಳೆದರು. ಅವರ ಉತ್ಸಾಹ ಮತ್ತು ಶ್ರದ್ಧೆಗಳನ್ನು ಗಾಂಧೀಜಿ ಮೆಚ್ಚುಗೆಯಿಂದ ಸ್ಮರಿಸಿದರು. ವಿಧಿಯ ಲೀಲೆಯೆಂದರೆ, ಅದೇ ವರ್ಷದ ಕೊನೆಯಲ್ಲಿ ಮರಿಯಾ ಮಾಂಟೆಸ್ಸರಿಯವರು ಭಾರತಕ್ಕೆ ಬಂದಿಳಿದರು. ಯುದ್ಧಕಾಲದ ಬಹುಭಾಗವನ್ನು ಇಲ್ಲಿಯೇ ಕಳೆದು ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ನೀಡಿದರು. ಅವರಿಗಾಗಿ ಇಲ್ಲಿನ ನೆಲವನ್ನು ಹಸನು ಮಾಡಿದ್ದ ವ್ಯಕ್ತಿ ಅವರನ್ನು ಬರಮಾಡಿಕೊಳ್ಳಲು ಉಳಿದಿರಲಿಲ್ಲ. ಗಿಜುಭಾಯಿಯವರ ಕೆಲಸವನ್ನು ತಾರಾಬಾಯಿ ಮುಂದುವರಿಸಿದರು. ಅನುತಾಯಿ ವಾಘ್ ಅವರೊಡಗೂಡಿ ಬೋರ್ಡಿ ಮತ್ತು ಕೋಸಬಾಡಗಳಲ್ಲಿ ಬಡ ಆದಿವಾಸಿ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಕೊಂಡೊಯ್ದರು. ಗುಡ್ಡದ ಮೇಲಿನ ಬಾಲಮಂದಿರ ಹೀಗೆ ಬಯಲಿಗಿಳಿಯಿತು.

ಮಕ್ಕಳನ್ನು ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸುವ ಕಾನೂನು ನಮ್ಮ ದೇಶದಲ್ಲಿ ಬಂದದ್ದು 2009ರಲ್ಲಿ, ಶಿಕ್ಷಣ ಹಕ್ಕು ಕಾಯಿದೆಯ ಮೂಲಕ. ಅಂದರೆ ಗಿಜುಭಾಯಿ ತೀರಿಕೊಂಡ ಎಪ್ಪತ್ತು ವರ್ಷಗಳ ನಂತರ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆಟದ ಮೂಲಕ ಕಲಿಕೆ ಎಂಬುದನ್ನು ಎಳೆಯರ ಶಿಕ್ಷಣದ ಬುನಾದಿಯಾಗಿ ಸ್ವೀಕರಿಸಿದೆ. ಕಾಗದದ ಮೇಲೆ ಅವರು ಗೆದ್ದಿದ್ದಾರೆ. ಆದರೆ ಮೂರು ವರ್ಷದ ಮಗುವಿಗೆ ಮನೆಗೆಲಸದ ಹೊರೆ ಹೊರಿಸುವ, ಪ್ರವೇಶಕ್ಕೆ ಸಂದರ್ಶನ ನಡೆಸುವ, ಅಂಕವೊಂದನ್ನೇ ಕೇಳುವ ಹಂಬಲ ನಗರಗಳಲ್ಲಿ ಕರಗಿಲ್ಲ. ಬೆತ್ತ ಹೋದರೂ ಹೆದರಿಕೆ ಬೇರೆ ವೇಷದಲ್ಲಿ ಉಳಿದಿದೆ.

ಇದರ ನಡುವೆಯೂ ನಾಡಿನ ಯಾವುದೋ ಶಾಲೆಯಲ್ಲಿ ಮೇಷ್ಟರೊಬ್ಬರು ಪುಸ್ತಕ ಮಡಚಿಟ್ಟು ಕಥೆ ಆರಂಭಿಸುತ್ತಾರೆ. ಹಿಂದಿನ ಸಾಲಿನ ತುಂಟ ಮೆಲ್ಲಗೆ ಮುಂದಕ್ಕೆ ಸರಿದು ಕೂರುತ್ತಾನೆ. ಕಥೆ ನಿಂತಾಗ ಮುಂದೇನಾಯಿತೆಂದು ಹತ್ತು ದನಿಗಳು ಒಟ್ಟಿಗೆ ಕೇಳುತ್ತವೆ. ವಕೀಲಿಯ ಸಂಪಾದನೆಯನ್ನು ಬಿಟ್ಟು ಗಿಜುಭಾಯಿ ಗಳಿಸಿಕೊಂಡ ಆಸ್ತಿ ಅದೇ.